ಬಿಳಾಮನೆಂಬ ಹೆಸರು ಮತ್ತು ಕಣಿಯೆಂಬ ಮಾತು

ಕನ್ನಡ ಬೈಬಲಿನ ಅರಣ್ಯಕಾಂಡದಲ್ಲಿ, 22ರಿಂದ 24ರವರೆಗಿನ ಮೂರು ಅಧ್ಯಾಯಗಳಲ್ಲಿ, ಬರುವ ಬಿಳಾಮನ ವೃತ್ತಾಂತವು ಬಹುಮಂದಿ ವಾಚಕರಿಗೆ ಮಾತನಾಡಿದ ಕತ್ತೆಯ ಕಥೆಯಾಗಿಯೇ ಪರಿಚಿತವಾಗಿದೆ. ಮೋವಾಬ್ಯರ ಅರಸನಾದ ಬಾಲಾಕನು ತನ್ನ ಗಡಿಯಲ್ಲಿ ಬೀಡುಬಿಟ್ಟಿದ್ದ ಇಸ್ರಾಯೇಲ್ಯರಿಗೆ ಅಂಜಿ, ಅವರನ್ನು ಶಪಿಸುವುದಕ್ಕಾಗಿ ಯೂಫ್ರೆಟಿಸ್ ನದಿಯ ಕಡೆಯ ಪೆತೋರಿನಿಂದ ಬೆಯೋರನ ಮಗನಾದ ಬಿಳಾಮನನ್ನು ಕರೆಯಿಸುತ್ತಾನೆ. ದಾರಿಯಲ್ಲಿ ಕತ್ತೆಗೆ ಕಂಡ ದೇವದೂತನು ಅದರ ಮೇಲೆ ಕುಳಿತ ದಿವ್ಯದೃಷ್ಟಿಯವನಿಗೆ ಕಾಣುವುದಿಲ್ಲ. ಕೊನೆಗೆ ಶಾಪ ಕೊಡಲು ಬಾಯಿ ತೆರೆದವನಿಂದ ಹೊರಡುವುದೆಲ್ಲ ಆಶೀರ್ವಾದವೇ ಆಗುತ್ತದೆ. ಇಷ್ಟು ಹೇಳಿದ ಗ್ರಂಥವೇ ಮುಂದೆ 31ನೆಯ ಅಧ್ಯಾಯದಲ್ಲಿ, ಇಸ್ರಾಯೇಲ್ಯರನ್ನು ದಾರಿ ತಪ್ಪಿಸಿದ ದುರಾಲೋಚನೆ ಅವನದೆಂದು ಹೇಳಿ, ಅವನನ್ನು ಕತ್ತಿಗೆ ಬಲಿಗೊಡುತ್ತದೆ. ಅಲ್ಲಿಂದ ಮುಂದೆ ಬಿಳಾಮನೆಂಬುದು ದುಡ್ಡಿಗೆ ಮಾರಿಕೊಂಡ ಪ್ರವಾದಿಗೆ ಪರ್ಯಾಯನಾಮವಾಯಿತು.

ಈ ಲೇಖನದಲ್ಲಿ ನಾವು ಆ ಕಥೆಯನ್ನು ವಿಮರ್ಶಿಸಲು ಹೊರಟಿಲ್ಲ. ಅವನ ಹೆಸರಿನ ಅರ್ಥವೇನು, ಅವನ ವೃತ್ತಿಯ ಹೆಸರೇನು, ಆ ವೃತ್ತಿನಾಮಕ್ಕೆ ಕನ್ನಡದಲ್ಲಿ ಯಾವ ಮಾತು ಒದಗಿತು ಎಂಬ ಮೂರು ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇವೆ. ಹೆಸರಿಗೆ ಹೇಳಿರುವ ಅರ್ಥಗಳಲ್ಲಿ ಹೆಚ್ಚಿನವು ಆ ಮನುಷ್ಯನ ಮೇಲೆ ಕೊಟ್ಟ ತೀರ್ಪುಗಳೇ ಹೊರತು ನಿರುಕ್ತಿಗಳಲ್ಲವೆಂದೂ, ಕನ್ನಡದ ‘ಕಣಿ’ ಎಂಬ ಮಾತಿಗೂ ಅದೇ ಬಗೆಯ ಅನ್ಯಾಯವಾಗಿದೆಯೆಂದೂ ನಮ್ಮ ಅಭಿಪ್ರಾಯ.

ತೀರ್ಪನ್ನೋ ಕಥೆಯನ್ನೋ ಹೆಸರಿನೊಳಗೆ ಓದಿಕೊಳ್ಳುವ ಚಾಪಲ್ಯಕ್ಕೆ ಉದಾಹರಣೆಗಳನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ. ದೊಡ್ಡಬಳ್ಳಾಪುರದಲ್ಲಿ ಹಸುವೊಂದು ಹುತ್ತದ ಮೇಲೆ ದಿನವೂ ಒಂದು ಬಳ್ಳ ಹಾಲು ಕರೆಯುತ್ತಿತ್ತು, ಅದರಿಂದ ಬಳ್ಳಾಪುರವಾಯಿತು ಎಂಬ ಐತಿಹ್ಯವುಂಟು. ಬಲ್ಲಾಳನ ಹೆಸರಿನಿಂದ ಬಂದುದೆಂಬ ಇನ್ನೊಂದು ಮತವೂ ಉಂಟು. ಹೊಸಕೋಟೆಯ ಅರ್ಥವನ್ನು ಯಾರನ್ನೂ ಕೇಳಬೇಕಾದುದಿಲ್ಲವಾದ್ದರಿಂದ ಅದಕ್ಕೆ ಕಥೆಯೂ ಬೇಕಾಗಲಿಲ್ಲ. ಅರ್ಥ ಮಸುಕಾದ ಕಡೆಯಲ್ಲಿ ಮಾತ್ರ ಕಥೆ ಹುಟ್ಟುತ್ತದೆ. ಬೆಂಗಳೂರಿನ ಸಂಗತಿ ಇನ್ನೂ ಬೋಧಪ್ರದವಾದುದು. ಬೇಟೆಯಲ್ಲಿ ದಾರಿತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳನ್ನು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂಬ ಕಥೆಯನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದುದು 1173ರಲ್ಲಿ. ಬೇಗೂರಿನ ವೀರಗಲ್ಲು ಸುಮಾರು 890ರಲ್ಲಿಯೇ ಬೆಂಗಳೂರ ಕಾಳಗವನ್ನು ಹೆಸರಿಸುತ್ತದೆ. ಮುದುಕಿ ಕಾಳು ಬೇಯಿಸುವುದಕ್ಕೆ ಮೂರು ಶತಮಾನ ಮುಂಚೆಯೇ ಊರಿಗೆ ಹೆಸರಿತ್ತು. ಶಾಸನವು ಹೆಸರಿನ ನಿಜವಾದ ಅರ್ಥವನ್ನು ನಮಗೆ ಹೇಳಲಿಲ್ಲವೆಂಬುದು ನಿಜ. ಸುಳ್ಳು ಅರ್ಥವನ್ನು ಮಾತ್ರ ಕಿತ್ತುಹಾಕಿತು. ಬಿಳಾಮನ ವಿಷಯದಲ್ಲಿಯೂ ಇಂಥದೇ ಒಂದು ಬರಹವು ಕಾಲಾಂತರದಲ್ಲಿ ಮಣ್ಣಿನಿಂದ ಮೇಲೆದ್ದಿತೆಂಬುದನ್ನು ಮುಂದೆ ನೋಡುವೆವು.

ಮೊದಲು ಹೆಸರಿನ ರೂಪ. ಹೀಬ್ರೂ ಮೂಲದಲ್ಲಿ ಇದು ‘ಬಿಲ್‌ಆಮ್’. ಬ, ಲ, ಅಯಿನ್, ಮ ಎಂಬ ನಾಲ್ಕು ವ್ಯಂಜನಗಳು. ಗ್ರೀಕರಲ್ಲಿ ಇದು ಬಲಆಮ್ ಎಂದಾಗಿ, ಇಂಗ್ಲಿಷಿಗೂ ಅಲ್ಲಿಂದಲೇ ಹೋಯಿತು. ಕನ್ನಡದ ‘ಬಿಳಾಮ’ದಲ್ಲಿ ಮೊದಲಕ್ಷರದ ಇಕಾರ ಉಳಿದಿರುವುದನ್ನು ಗಮನಿಸಿದರೆ, ನಮ್ಮ ಭಾಷಾಂತರಕಾರರು ಈ ಹೆಸರಿಗಾಗಿ ಇಂಗ್ಲಿಷಿನ ಕಡೆಗಲ್ಲ, ಹೀಬ್ರೂವಿನ ಕಡೆಗೆ ನೋಡಿದರೆಂದು ಊಹಿಸಬಹುದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸರು 1810ರಿಂದ ತೊಡಗಿ ನಡೆಸಿದ ಕೆಲಸದ ಫಲವಾಗಿ ಸಮಗ್ರ ಬೈಬಲು ಕನ್ನಡದಲ್ಲಿ 1831ರ ಹೊತ್ತಿಗೆ ಬಂದಿತು. ಆಮೇಲೆ ಬಾಸೆಲ್ ಮಿಷನ್ನಿನ ವೈಗಲ್, ಮೋಗ್ಲಿಂಗ್ ಮೊದಲಾದವರ ಪರಿಷ್ಕರಣಗಳು ನಡೆದವು. ಆದರೆ ಅಯಿನ್ ಎಂಬ ಕಂಠ್ಯಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲ. ಅದು ಬಿದ್ದುಹೋದುದರಿಂದ ಹೆಸರಿನ ಎರಡು ತುಂಡುಗಳನ್ನು ಕೂಡಿಸಿದ ಬೆಸುಗೆ ಕನ್ನಡದಲ್ಲಿ ಕಾಣುವುದಿಲ್ಲ. ‘ಬಿಳಾಮ’ವನ್ನು ‘ಬಿಳಿ’ಯಿಂದ ಸಾಧಿಸಿ, ಬಿಳಿಯ ಕತ್ತೆಯನ್ನೇರಿದವನೆಂದು ಅರ್ಥ ಹೇಳುವ ಪಂಡಿತನೊಬ್ಬ ಇನ್ನೂ ಹುಟ್ಟದಿರುವುದೇ ಆಶ್ಚರ್ಯ.

ನಗಬೇಕಾದುದಿಲ್ಲ, ಪ್ರಾಚೀನರು ಮಾಡಿದುದು ಇದಕ್ಕಿಂತ ಬಹಳ ಬೇರೆಯಲ್ಲ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫೈಲೋ ಈ ಹೆಸರಿಗೆ ‘ವ್ಯರ್ಥಜನ’ವೆಂದು ಅರ್ಥ ಹೇಳಿದನು. ಬಾಬಿಲೋನಿನ ತಾಲ್ಮೂದಿನ ಸನ್ಹೆದ್ರಿನ್ ಪ್ರಕರಣದಲ್ಲಿ ಎರಡು ವಿವರಣೆಗಳಿವೆ. ‘ಬೆಲೋ ಆಮ್’, ಎಂದರೆ ಜನವಿಲ್ಲದವನು, ಬರಲಿರುವ ಲೋಕದಲ್ಲಿ ಪಾಲಿಲ್ಲದವನು ಎಂಬುದೊಂದು. ‘ಬಿಲ್ಲಾ ಆಮ್’, ಜನವನ್ನು ಕೆಡಿಸಿದವನು ಅಥವಾ ನುಂಗಿದವನು ಎಂಬುದಿನ್ನೊಂದು. ಅವನ ತಂದೆಯ ಹೆಸರಾದ ಬೆಯೋರ್ ಎಂಬುದನ್ನು ಪಶುವೆಂಬ ಅರ್ಥದ ‘ಬೆಯೀರ್’ಗೆ ತಗುಲಿಸಿ ಅಲ್ಲಿಯೂ ಒಂದು ಹೊಲಸು ಕಥೆಯನ್ನು ಕಟ್ಟಿದ್ದಾರೆ. ಹೊಸ ಒಡಂಬಡಿಕೆಯ ಪ್ರಕಟನೆಯಲ್ಲಿ, 2ನೆಯ ಅಧ್ಯಾಯದಲ್ಲಿ, ಬಿಳಾಮನ ಬೋಧೆಯನ್ನು ಹಿಡಿದವರನ್ನೂ ನಿಕೊಲಾಯಿತರನ್ನೂ ಒಟ್ಟೊಟ್ಟಿಗೆ ಖಂಡಿಸಲಾಗಿದೆ. ನಿಕೊಲಾಯ ಎಂಬುದು ಗ್ರೀಕಿನಲ್ಲಿ ‘ಜನವನ್ನು ಗೆದ್ದವನು’ ಎಂದಾಗುವುದರಿಂದ, ಅದು ಬಿಳಾಮನ ಹೆಸರಿನ ಗ್ರೀಕ್ ಅನುವಾದವೇ ಇರಬೇಕೆಂದು ಹಲವು ವಿದ್ವಾಂಸರು ತರ್ಕಿಸಿದ್ದಾರೆ.

ಇಸ್ಲಾಮೀ ಸಂಪ್ರದಾಯದಲ್ಲಿ ಈ ನುಂಗುವ ಅರ್ಥಕ್ಕೆ ಒಂದು ವಿಚಿತ್ರವಾದ ತಿರುವು ದೊರೆಯಿತು. ಕುರಾನಿನ 7ನೆಯ ಅಧ್ಯಾಯದಲ್ಲಿ ದೈವೀಸೂಚನೆಗಳನ್ನು ಪಡೆದೂ ಅವುಗಳಿಂದ ಜಾರಿಬಿದ್ದವನೊಬ್ಬನ ಪ್ರಸಂಗವು ಹೆಸರಿಲ್ಲದೆ ಬರುತ್ತದೆ. ವ್ಯಾಖ್ಯಾನಕಾರರಲ್ಲಿ ಅನೇಕರು ಅವನನ್ನು ಬಲ್‌ಆಮ್ ಇಬ್ನ್ ಬಾಊರಾ ಎಂದು ಗುರುತಿಸಿದರು. ಇತ್ತ ಅದೇ ಗ್ರಂಥದ ಜ್ಞಾನಿಯಾದ ಲುಕ್ಮಾನನಿಗೂ ಕೆಲವರು ಬಾಊರನೆಂಬ ತಂದೆಯನ್ನು ಕೊಟ್ಟಿದ್ದಾರೆ. ಅರಬ್ಬಿಯಲ್ಲಿ ಲ, ಕ, ಮ ಧಾತುವಿಗೆ ನುಂಗು ಎಂದರ್ಥ. ನಮ್ಮ ದಖ್ಖನಿ ಉರ್ದುವಿನಲ್ಲಿ ತುತ್ತಿಗೆ ‘ಲುಕ್ಮಾ’ ಎನ್ನುವುದು ಇದರಿಂದಲೇ. ನುಂಗಿದ ಬಿಳಾಮನೇ ನುಂಗುವ ಲುಕ್ಮಾನನಾದನೆಂಬ ವಾದವನ್ನು ಪಾಶ್ಚಾತ್ಯ ಪಂಡಿತರು ಇದರ ಮೇಲೆಯೇ ಕಟ್ಟಿದರು. ಹೀಗೆ ಒಂದೇ ಧಾತ್ವರ್ಥದಿಂದ ಒಂದು ಕಡೆ ಮಹಾಪಾತಕಿಯೂ ಇನ್ನೊಂದು ಕಡೆ ಮಹಾಜ್ಞಾನಿಯೂ ಹೊರಟುಬಂದರೆ, ಆ ಧಾತ್ವರ್ಥಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಈ ವಿವರಣೆಗಳ ದೌರ್ಬಲ್ಯವು ಬೈಬಲಿನೊಳಗಿಂದಲೇ ತಿಳಿದುಬರುತ್ತದೆ. ಸೊಲೊಮೋನನ ಮಗನ ಹೆಸರು ರೆಹವ್‌ಆಮ್, ಅವನ ಪ್ರತಿಸ್ಪರ್ಧಿಯ ಹೆಸರು ಯಾರೊವ್‌ಆಮ್. ಇಬ್ಬರ ಹೆಸರಿನ ಕೊನೆಯಲ್ಲಿಯೂ ಇದೇ ‘ಆಮ್’ ಉಂಟು. ಅಲ್ಲಿ ಅದನ್ನು ಜನವು ಹೆಚ್ಚಲಿ, ವಿಸ್ತಾರವಾಗಲಿ ಎಂಬ ಹಾರೈಕೆಯಾಗಿ ಓದುವವರು ಬಿಳಾಮನಲ್ಲಿಗೆ ಬಂದೊಡನೆ ಜನನಾಶವನ್ನು ಕಾಣುತ್ತಾರೆ. ಇನ್ನೂ ಒಂದು ಸಂಗತಿಯಿದೆ. ಮನಸ್ಸೆ ಕುಲದ ಸೀಮೆಯಲ್ಲಿ ಇಬ್ಲೆಯಾಮ್ ಎಂಬ ಊರಿತ್ತು. ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥದಲ್ಲಿ, 6ನೆಯ ಅಧ್ಯಾಯದಲ್ಲಿ, ಲೇವಿಯರಿಗೆ ಕೊಟ್ಟ ಊರುಗಳನ್ನು ಎಣಿಸುವಾಗ ಆ ಊರನ್ನೇ ‘ಬಿಲ್‌ಆಮ್’ ಎಂದು ಬರೆಯಲಾಗಿದೆ. ಅದೇ ನಾಲ್ಕು ಅಕ್ಷರಗಳು! ಯಾಜಕಕುಲದವರು ವಾಸಿಸಿದ ಊರನ್ನು ಜನಭಕ್ಷಕವೆಂದು ಯಾರೂ ಕರೆಯಲಿಲ್ಲ.

ಈ ರೂಪವೇ ಆಧುನಿಕರ ನಿರುಕ್ತಿಗೆ ದಾರಿ ತೋರಿಸಿತು. ಮುಂದೆ ಒಂದು ಯಕಾರವಿದ್ದು ಬಿದ್ದುಹೋಗಿದೆಯೆಂದು ಹಿಡಿದರೆ, ಪ್ರಾಚೀನ ಅಮೋರೈಟ್ ಹೆಸರುಗಳ ಮಾದರಿಯಲ್ಲಿ ‘ಯಾಬಿಲ್-ಅಮ್ಮು’ ಎಂಬ ಮೂಲವನ್ನು ಊಹಿಸಬಹುದು. ಆಲ್‌ಬ್ರೈಟರು ಎತ್ತಿಹಿಡಿದ ಪಕ್ಷವಿದು. ‘ಅಮ್ಮು’ ಎಂಬುದಕ್ಕೆ ಇಲ್ಲಿ ಜನವೆಂದಲ್ಲ, ತಂದೆಯ ಒಡಹುಟ್ಟಿದವನು, ಕುಲದ ಹಿರಿಯನು ಎಂದರ್ಥ; ಅರಬ್ಬಿಯಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ‘ಅಮ್ಮ್’ ಎಂಬ ಮಾತು ಈಗಲೂ ಉಂಟು. ಆ ಹಿರಿಯನ ಹೆಸರಿನಿಂದ ಕುಲದೈವವನ್ನು ಕರೆಯುತ್ತಿದ್ದರು. ಬಾಬಿಲೋನಿನ ಹಮ್ಮುರಾಬಿಯ ಹೆಸರಿನ ಮೊದಲ ಭಾಗವೂ ಇದೇ ಎಂಬುದು ಬಹುಮಂದಿಯ ಮತ. ಹಾಗಾದರೆ ಬಿಳಾಮನೆಂದರೆ ‘ಹಿರಿಯನು ನಡೆಸಿಕೊಡುತ್ತಾನೆ’ ಎಂಬಂಥ ಒಂದು ಸಾಧಾರಣವಾದ, ದೈವಭಕ್ತಿಯ, ತಾಯಿತಂದೆಗಳು ಇಡಬಹುದಾದ ಹೆಸರು. ಬೇಲ್ ದೇವತೆಯಿಂದ ಸಾಧಿಸುವವರೂ, ಜನಕ್ಕೆ ಒಡೆಯನೆಂಬ ಅರ್ಥದಲ್ಲಿ ‘ಬಾಲ್’ ಶಬ್ದದಿಂದ ಸಾಧಿಸುವವರೂ ಉಂಟು. ‘ಬಾಲ್’ ಶಬ್ದದಲ್ಲಿ ಅಯಿನ್ ಲಕಾರಕ್ಕಿಂತ ಮುಂಚೆ ಬರುವುದರಿಂದ ಈ ಕೊನೆಯದು ನಮಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಆದಿಕಾಂಡದ 36ನೆಯ ಅಧ್ಯಾಯದಲ್ಲಿ ಎದೋಮಿನ ಮೊದಲ ಅರಸನಾಗಿ ಬರುವ ಬೆಯೋರನ ಮಗ ಬೆಲಾ ಎಂಬವನೇ ನಮ್ಮ ಬಿಳಾಮನೆಂಬ ವಾದವನ್ನು ತಂದೆಯ ಹೆಸರು ಒಂದೇ ಎಂಬ ಆಧಾರದ ಮೇಲಷ್ಟೇ ನಿಲ್ಲಿಸಲಾಗಿದೆ. ಅದನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ.

ಇನ್ನು ಶಾಸನ. 1967ರ ಮಾರ್ಚಿಯಲ್ಲಿ ಜೋರ್ಡಾನ್ ನದಿಯ ಪೂರ್ವದ ಕಣಿವೆಯಲ್ಲಿರುವ ದೇರ್ ಅಲ್ಲಾ ಎಂಬ ದಿಬ್ಬದಲ್ಲಿ, ಲೈಡನ್ ವಿಶ್ವವಿದ್ಯಾನಿಲಯದ ಫ್ರಾಂಕೆನ್ ಎಂಬವರ ನೇತೃತ್ವದ ಉತ್ಖನನಕಾರರಿಗೆ ಸುಣ್ಣದ ಗಾರೆಯ ಚೂರುಗಳು ದೊರೆತವು. ಗೋಡೆಗೆ ಬಳಿದಿದ್ದ ಗಾರೆಯ ಮೇಲೆ ಕಪ್ಪು, ಕೆಂಪು ಮಸಿಗಳಲ್ಲಿ ಬರೆದಿದ್ದ ದೀರ್ಘವಾದ ಬರಹವೊಂದು ಗೋಡೆಯೊಡನೆ ಕುಸಿದು ಚೂರಾಗಿತ್ತು. ಹೋಫ್ಟೈಜರ್ ಮತ್ತು ವಾನ್ ಡೆರ್ ಕೋಯ್ ಎಂಬವರು ಇದನ್ನು ಜೋಡಿಸಿ 1976ರಲ್ಲಿ ಪ್ರಕಟಿಸಿದರು. ಕಾಲ ಕ್ರಿ.ಪೂ. 800ರ ಆಸುಪಾಸು, ಭಾಷೆ ಅರಾಮಿಕ್ಕೋ, ಕಾನಾನಿನ ಒಂದು ಉಪಭಾಷೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆ ಬರಹದ ನಾಯಕನು ಬೆಯೋರನ ಮಗನಾದ ಬಿಳಾಮನು. ದೇವತೆಗಳು ರಾತ್ರಿಯಲ್ಲಿ ಅವನ ಬಳಿಗೆ ಬರುತ್ತಾರೆ. ಬೆಳಗ್ಗೆ ಎದ್ದವನು ಅನ್ನ ಬಿಟ್ಟು ಅಳುತ್ತಾನೆ. ಕಾರಣ ಕೇಳಲು ಬಂದ ಜನಕ್ಕೆ, ದೇವಸಭೆಯು ಲೋಕಕ್ಕೆ ಕತ್ತಲೆಯನ್ನು ವಿಧಿಸಿದೆಯೆಂಬ ಸುದ್ದಿಯನ್ನು ಹೇಳುತ್ತಾನೆ. ಮುಂದೆ ಹಕ್ಕಿಗಳೂ ಮೃಗಗಳೂ ತಮ್ಮ ಕ್ರಮಕ್ಕೆ ವಿರುದ್ಧವಾಗಿ ವರ್ತಿಸುವ ಅಪಶಕುನಗಳ ಸಾಲೇ ಬರುತ್ತದೆ.

ಈ ಬರಹದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಇಸ್ರಾಯೇಲ್ಯರಲ್ಲದ ಜನರೂ ಅದೇ ನಾಲ್ಕು ಅಕ್ಷರಗಳ ಹೆಸರನ್ನು, ನಿಂದೆಯ ಲೇಶವೂ ಇಲ್ಲದೆ, ಗೌರವದಿಂದ ಬರೆದಿಟ್ಟಿದ್ದರು. ಆದ್ದರಿಂದ ಅದು ಶತ್ರುಗಳು ಅಂಟಿಸಿದ ಅಡ್ಡಹೆಸರಲ್ಲ. ಬೇಗೂರಿನ ಕಲ್ಲು ಬೆಂದಕಾಳಿಗೆ ಮಾಡಿದುದನ್ನೇ ಈ ಗಾರೆಯು ಜನಭಕ್ಷಕನೆಂಬ ನಿರುಕ್ತಿಗೆ ಮಾಡಿತು. ಎರಡನೆಯದಾಗಿ ಅವನ ಬಿರುದು. ದೇರ್ ಅಲ್ಲಾದ ಬರಹವು ಅವನನ್ನು ದೇವತೆಗಳ ‘ಹೋಜೆ’ ಎನ್ನುತ್ತದೆ, ಕಾಣುವವನು ಎಂದರ್ಥ. ಇದು ಹೀಬ್ರೂವಿಗೂ ಸಾಧಾರಣವಾದ ಮಾತು. ಎರಡನೆಯ ಸಮುವೇಲನ 24ನೆಯ ಅಧ್ಯಾಯದಲ್ಲಿ ದಾವೀದನ ಆಸ್ಥಾನದ ಗಾದನಿಗೆ ಇದೇ ಬಿರುದುಂಟು. ಆದರೆ ಯೆಹೋಶುವನ 13ನೆಯ ಅಧ್ಯಾಯದಲ್ಲಿ ಬಿಳಾಮನ ಮರಣವನ್ನು ಹೇಳುವಾಗ ಅವನನ್ನು ‘ಹೋಜೆ’ ಎನ್ನದೆ ‘ಕೋಸೆಮ್’ ಎಂದಿದೆ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಇಸ್ರಾಯೇಲಿನಲ್ಲಿ ಇರಕೂಡದವರ ಪಟ್ಟಿಯಲ್ಲಿ ಸೇರಿಸಿದ ಮಾತು ಅದು. ಆ ಪಟ್ಟಿಯಲ್ಲಿ ಈ ಮಾತಿಗೆ ಕನ್ನಡ ಬೈಬಲು ಬಳಸಿದ ಪದವು ‘ಕಣಿಹೇಳುವವರು’. ದಾವೀದನ ಗಾದನು ಮಾತ್ರ ಕನ್ನಡದಲ್ಲಿ ‘ದರ್ಶಿ’.

ಇಲ್ಲಿ ಕ್ಷಣಕಾಲ ನಿಲ್ಲಬೇಕು. ದರ್ಶಿಯೆಂಬುದು ಸಂಸ್ಕೃತದ ದೃಶ್ ಧಾತುವಿನಿಂದ ಬಂದುದು, ಕಾಣುವವನು ಎಂದರ್ಥ. ಕಣಿಯೆಂಬುದಾದರೂ ಏನು? ಕಾಣ್ ಎಂಬ ಅಚ್ಚ ದ್ರಾವಿಡ ಧಾತು, ಕಣ್ ಎಂಬ ನಾಮಪದ, ಇವುಗಳ ಮನೆಯದೇ ಅದು. ಕಣಿಗೆ ಮೊದಲರ್ಥ ನೋಟ. ಅದರಿಂದ ಶಕುನದ ನೋಟ. ಅದರಿಂದ ಮುಂದಾಗುವುದನ್ನು ಕಂಡು ಹೇಳುವ ಮಾತು. ಮಲೆಯಾಳಿಗಳು ವಿಷುವಿನ ಮುಂಜಾನೆ ಕಣ್ಣು ಬಿಟ್ಟೊಡನೆ ನೋಡುವ ಮಂಗಳದ್ರವ್ಯಗಳನ್ನು ವಿಷುಕ್ಕಣಿ ಎನ್ನುವಲ್ಲಿ ಆ ಮೊದಲರ್ಥವು ಇಂದಿಗೂ ಹಸಿಯಾಗಿದೆ. ಕಣಿಯು ಗಣಿತ, ಗಣಕ ಎಂಬ ಶಬ್ದಗಳ ತದ್ಭವವೆಂಬ ಪಕ್ಷವೂ ಇದೆ. ತಮಿಳಿನ ‘ಕಣಿಯನ್’ ಎಂಬ ಜೋಯಿಸವಾಚಿಗೆ ಅದು ಹೊಂದಿದರೂ ಹೊಂದಬಹುದು. ಆದರೆ ಜೋಯಿಸನು ಪಂಚಾಂಗವನ್ನು ಮುಂದಿಟ್ಟುಕೊಂಡು ಎಣಿಸುವವನು, ಕೊರವಂಜಿಯು ಎಣಿಸುವುದಿಲ್ಲ. ಅವಳು ಕೈಯನ್ನೂ ಮುಖವನ್ನೂ ನೋಡಿ ಹೇಳುತ್ತಾಳೆ. ಕಣಿಯ ಮೂಲವನ್ನು ನೋಟದಲ್ಲಿ ಹುಡುಕುವುದೇ ಸರಿಯೆಂದು ನಮಗೆ ತೋರುತ್ತದೆ.

ಹೀಗೆ ಒಂದೇ ಅರ್ಥದ ಎರಡು ಮಾತುಗಳಲ್ಲಿ ಸಂಸ್ಕೃತದ್ದು ದೇವಪುರುಷನಿಗೂ ಕನ್ನಡದ್ದು ನಿಷಿದ್ಧನಿಗೂ ಸಂದಿತು. ಭಾಷಾಂತರಕಾರರ ಮೇಲೆ ನಾವು ಇದಕ್ಕಾಗಿ ದೋಷವನ್ನು ಹೊರಿಸುವುದಿಲ್ಲ. ‘ಕೋಸೆಮ್’ ಎಂಬುದು ಪಾಲು ಹಾಕು, ಚೀಟಿಯೆತ್ತಿ ನಿರ್ಣಯಿಸು ಎಂಬ ಧಾತುವಿನ ಮಾತು. ಅದರಲ್ಲಿ ನೋಟದ ಭಾವವಿಲ್ಲ. ಅದಕ್ಕೆ ಸಮನಾದ ರೂಢಿಯ ಪದವನ್ನು ಹುಡುಕುವವರಿಗೆ ಬೀದಿಯಲ್ಲಿ ಕೇಳಿಸುತ್ತಿದ್ದುದು ಕಣಿಯೆಂಬ ಕೂಗೇ. ಆದರೂ ಅದರ ಪರಿಣಾಮವಾಗಿ, ಕಾಣುವಿಕೆಯೆಂಬ ನಿರ್ದೋಷವಾದ ಅರ್ಥದ ಮಾತು, ಕನ್ನಡ ಬೈಬಲನ್ನು ಓದುವ ಮನೆಗಳಲ್ಲಿ ಮಾಟಗಾರರ ಪಕ್ಕದಲ್ಲಿ ಕುಳಿತುಬಿಟ್ಟಿತು.

ನೋಟಕ್ಕೂ ದಕ್ಷಿಣೆಗೂ ಇರುವ ಸಂಬಂಧವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಅರಣ್ಯಕಾಂಡದ 22ನೆಯ ಅಧ್ಯಾಯದಲ್ಲಿ ಮೋವಾಬಿನ ಹಿರಿಯರು ‘ಕೆಸಾಮೀಮ್’ ಅನ್ನು ಕೈಯಲ್ಲಿ ಹಿಡಿದು ಹೊರಟರೆಂದಿದೆ. ಆ ಶಬ್ದಕ್ಕೆ ನೇರವಾದ ಅರ್ಥ ಕಣಿಗಳು ಎಂದೇ; ಕೈಯಲ್ಲಿ ಹಿಡಿಯುವ ಕಣಿಗಳಾವುವೆಂದು ತೊಡಕಿಗೆ ಬಿದ್ದ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು ಅದನ್ನು ಕಣಿಯ ದಕ್ಷಿಣೆಯೆಂದು ಓದಿದರು. ಕನ್ನಡಿಗನಿಗೆ ಈ ತೊಡಕು ಅಷ್ಟಾಗಿ ತಟ್ಟಬೇಕಾಗಿಲ್ಲ. ಕಾಣ್ ಧಾತುವಿನಿಂದಲೇ ನಮಗೆ ಕಾಣಿಕೆ ಬಂದಿದೆ. ಕಾಣಲು ಹೋದವನು ಕೊಡುವುದೇ ಕಾಣಿಕೆ. ಸೌಲನು ಕಳೆದುಹೋದ ಕತ್ತೆಗಳನ್ನು ಹುಡುಕುತ್ತ ಸಮುವೇಲನನ್ನು ಕೇಳಬೇಕೆಂದಾಗ, ಕಾಣುವವನ ಬಳಿಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಚಿಂತಿಸುತ್ತಾನೆ. ಸೇವಕನ ಬಳಿಯಲ್ಲಿದ್ದ ಕಾಲು ಶೆಕೆಲ್ ಬೆಳ್ಳಿಯಿಂದ ಆ ಚಿಂತೆ ತೀರುತ್ತದೆ. ಸಮುವೇಲನು ಕಾಣಿಕೆಯನ್ನು ನಿರೀಕ್ಷಿಸಿದರೆ ಪದ್ಧತಿ, ಬಿಳಾಮನು ನಿರೀಕ್ಷಿಸಿದರೆ ದುರಾಶೆ! ಅರಣ್ಯಕಾಂಡದ ಮೂರು ಅಧ್ಯಾಯಗಳನ್ನಷ್ಟೇ ಓದಿದರೆ, ಮನೆ ತುಂಬ ಬೆಳ್ಳಿಬಂಗಾರ ಕೊಟ್ಟರೂ ದೇವರ ಮಾತನ್ನು ಮೀರಲಾರೆನೆಂದವನು ಅವನೇ. ಮೀಕನು ಅವನನ್ನು ಸ್ಮರಿಸುವಲ್ಲಿಯೂ ಕಟುಮಾತಿಲ್ಲ.

ನಮ್ಮ ಕಡೆಯ ಕಣಿಯ ಸ್ಥಿತಿಯೇನು? ನೆಲಮಂಗಲ ಸೀಮೆಯ ಶಿವಗಂಗೆಯಲ್ಲಿ ಒಳಕಲ್ಲು ತೀರ್ಥಕ್ಕೆ ಕೈಯಿಳಿಸಿ, ನೀರು ಬೆರಳಿಗೆ ತಗುಲಿದರೆ ಶುಭವೆಂದು ಹಿಗ್ಗುವ ಯಾತ್ರಿಕರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ದೇವರ ಮೇಲಿನ ಹೂ ಬಲಕ್ಕೆ ಬಿದ್ದರೆ ಅಪ್ಪಣೆಯಾಯಿತೆಂದು ಮದುವೆಗೆ ಒಪ್ಪುವ ಮನೆಗಳು ದೇವನಹಳ್ಳಿ, ಹೊಸಕೋಟೆಗಳ ಕಡೆಯಲ್ಲಿ ಅಪರೂಪವಲ್ಲ. ಇವನ್ನು ಯಾರೂ ಕಣಿಯೆನ್ನುವುದಿಲ್ಲ. ನಸುಕಿನಲ್ಲಿ ಬಂದು ಹಾಲಕ್ಕಿ ನುಡಿದುದನ್ನು ಹೇಳುವ ಬುಡಬುಡಿಕೆಯವನಿಗೂ, ಬುಟ್ಟಿ ಹೊತ್ತು ಬರುವ ಕೊರವಂಜಿಗೂ ಮಾತ್ರ ಆ ಮಾತಿನ ಹೊರೆ ಬಿದ್ದಿದೆ. ಹಕ್ಕಿಯ ನುಡಿಯಿಂದ ಮನೆಯ ಮುಂದಿನದನ್ನು ಹೇಳುವವನನ್ನು ಕಂಡಾಗ ದೇರ್ ಅಲ್ಲಾದ ಹಕ್ಕಿಗಳ ಸಾಲು ನೆನಪಾಗದಿರದು. ನಮ್ಮ ಹಳೆಯ ಕಥೆಗಳು ಕಣಿಯವಳನ್ನು ಕೀಳಾಗಿ ಕಂಡಿರಲಿಲ್ಲ. ಶ್ರೀನಿವಾಸ ಕಲ್ಯಾಣದಲ್ಲಿ ಆಕಾಶರಾಜನ ಅಂತಃಪುರಕ್ಕೆ ಬಂದು ಪದ್ಮಾವತಿಯ ಮನಸ್ಸನ್ನು ತಿಳಿಸುವ ಕೊರವಂಜಿಯು ವೇಷ ಮರೆಸಿಕೊಂಡ ಸ್ವಾಮಿಯೇ. ಆಮೇಲಿನ ಆಡಳಿತವು ಬೇರೆ ಬಗೆಯಲ್ಲಿ ಕಂಡಿತು. 1871ರಲ್ಲಿ ಮೊದಲಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರ ತಿದ್ದುಪಡಿಯಿಂದ ಮದರಾಸು ಪ್ರಾಂತಕ್ಕೂ ಹರಡಿದಾಗ, ಕೊರವರ ಹಲವು ಪಂಗಡಗಳು ಅದರ ಪಟ್ಟಿಗೆ ಸೇರಿದವು. 1952ರಲ್ಲಿ ಕಾಯಿದೆ ರದ್ದಾಗುವವರೆಗೆ ಹುಟ್ಟಿದ ಮಗುವಿಗೂ ಕುಲದ ಹೆಸರೇ ಅಪರಾಧದ ಸಾಕ್ಷಿಯಾಗಿತ್ತು. ಹೆಸರಿನೊಳಗೆ ತೀರ್ಪನ್ನು ಓದುವ ಅಭ್ಯಾಸವು ಪಂಡಿತರ ವಿನೋದವಾಗಿ ಉಳಿಯದೆ ಕಚೇರಿಯ ದಫ್ತರಕ್ಕೂ ಹೊಕ್ಕುದಕ್ಕೆ ಇದೊಂದು ನಿದರ್ಶನ.

ಪೆತೋರಿನ ವಿಷಯವಾಗಿ ಎರಡು ಮಾತು. ಅಶ್ಶೂರದ ಮೂರನೆಯ ಶಲ್ಮನೇಸರನ ಕ್ರಿ.ಪೂ. 9ನೆಯ ಶತಮಾನದ ಶಾಸನಗಳಲ್ಲಿ ಯೂಫ್ರೆಟಿಸ್ ಸೀಮೆಯ ಪಿತ್ರು ಎಂಬ ಊರು ಬರುತ್ತದೆ. ಅದೇ ಪೆತೋರೆಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಆದರೆ ಹೀಬ್ರೂವಿನ ‘ಪಾತರ್’ಗೆ ಕನಸಿನ ಅರ್ಥ ಹೇಳು ಎಂಬರ್ಥವಿರುವುದರಿಂದ, ಸಿರಿಯಾಕ್ ಮತ್ತು ಲ್ಯಾಟಿನ್ ಭಾಷಾಂತರಗಳು ಊರನ್ನೇ ಅಳಿಸಿ ಅಲ್ಲಿ ಕಣಿಗಾರನೆಂಬರ್ಥದ ಮಾತನ್ನು ಬರೆದವು. ಕನ್ನಡದವರು ಊರನ್ನು ಊರಾಗಿಯೇ ಉಳಿಸಿದುದು ಮೆಚ್ಚತಕ್ಕ ಸಂಗತಿ.

ಕೊನೆಗೆ ಉಳಿಯುವುದು ಅರಣ್ಯಕಾಂಡದ 24ನೆಯ ಅಧ್ಯಾಯದಲ್ಲಿ ಬಿಳಾಮನು ತನ್ನನ್ನು ತಾನೇ ವರ್ಣಿಸಿಕೊಳ್ಳುವ ಒಂದು ಸಮಾಸ, ‘ಶೆತುಮ್ ಹಾಆಯಿನ್’. ಆಯಿನ್ ಎಂದರೆ ಕಣ್ಣು. ಶೆತುಮ್ ಎಂಬುದು ಬೇರೆಲ್ಲಿಯೂ ಬಾರದ ಮಾತಾದುದರಿಂದ, ತೆರೆದ ಕಣ್ಣಿನವನೆಂದು ಕೆಲವರೂ ಮುಚ್ಚಿದ ಕಣ್ಣಿನವನೆಂದು ಕೆಲವರೂ ಅರ್ಥ ಹೇಳಿದ್ದಾರೆ. ಅವನು ಒಂದು ಕಣ್ಣು ಕುರುಡಾದವನೆಂದು ತಾಲ್ಮೂದಿನವರು ನಿರ್ಣಯಿಸಿದುದು ಇದರಿಂದಲೇ. ಆದರೆ ಅದೇ ಪದ್ಯದ ಮುಂದಿನ ಪಾದಗಳಲ್ಲಿ ಅವನು ಶದ್ದೈ ದೇವರ ದರ್ಶನವನ್ನು ಕಾಣುವವನೆಂದು ಬಂದಿದೆ, ಅಲ್ಲಿಯ ಧಾತು ‘ಹೋಜೆ’ಯದೇ. ದೇರ್ ಅಲ್ಲಾದ ಬರಹದಲ್ಲಿ ದೇವಸಭೆ ಸೇರಿಸಿದವರ ಹೆಸರು ‘ಶದ್ದಯೀನ್’. ಎರಡು ಕಡೆಯ ಬರಹಗಾರರು ಒಬ್ಬರನ್ನೊಬ್ಬರು ಓದಿದ್ದರೆಂದು ನಾವು ಹೇಳುವುದಿಲ್ಲ; ಇಬ್ಬರಿಗೂ ತಿಳಿದಿದ್ದ ಬಿಳಾಮನು ಕಾಣುವವನಾಗಿದ್ದನೆಂದಷ್ಟೇ ಹೇಳಬಹುದು. ಆ ಸಮಾಸವನ್ನು ನಾವು ತೆರೆದ ಕಣ್ಣಿನವನೆಂಬ ಅರ್ಥದಲ್ಲಿಯೇ ಓದುತ್ತೇವೆ.